ಎಲ್‌ಕೆಜಿ ಮಕ್ಕಳನ್ನು ಕೆರೆ–ದಡ ಆಡಲು ಬಿಡಿ

ಮೂರರಿಂದ ಆರು ವರ್ಷದ ಮಕ್ಕಳಿರುವ ಮನೆಯವರಲ್ಲಿ, ಅವರಿಗೆ ಕಲಿಸುವ ಶಿಕ್ಷಕಿಯರಲ್ಲಿ, ಶಾಲೆ ನಡೆಸುವವರಲ್ಲಿ ಒಂದು ವಿನಂತಿ. ದಿನಕ್ಕೆ ಒಂದು ಗಂಟೆಯಾದರೂ ಪೆನ್ಸಿಲ್, ಮೊಬೈಲ್ ಎರಡನ್ನೂ ಬದಿಗಿಟ್ಟು ಈ ಮಕ್ಕಳನ್ನು ಆಡಲು ಬಿಡಿ.

ಕೆರೆ–ದಡ ಆಟವನ್ನೇ ನೋಡಿ. ನೆಲದ ಮೇಲೊಂದು ಗೆರೆ. ಅಕ್ಕ ‘ಕೆರೆ’ ಎಂದರೆ ಒಳಗೆ ಹಾರಬೇಕು, ‘ದಡ’ ಎಂದರೆ ಹೊರಗೆ. ಕೆರೆ, ದಡ, ಕೆರೆ, ದಡ ಎಂದು ಮಕ್ಕಳ ಕಾಲಿಗೆ ಲಯ ಹತ್ತಿದ ಹೊತ್ತಿಗೆ ಅವಳು ಥಟ್ಟನೆ ಮತ್ತೊಮ್ಮೆ ‘ದಡ’ ಎನ್ನುತ್ತಾಳೆ. ಮೂರು ವರ್ಷದ ಪುಟ್ಟ ಹಾರಿಯೇಬಿಡುತ್ತಾನೆ. ಐದರ ಹುಡುಗಿ ಎತ್ತಿದ ಹಿಮ್ಮಡಿಯನ್ನು ಅಲ್ಲೇ ತಡೆದು, ತೂರಾಡಿ, ನಿಲ್ಲುತ್ತಾಳೆ. ಹಾಗೆ ತಡೆದು ನಿಲ್ಲುವುದನ್ನು ಯಾವ ಕಾಪಿ ಪುಸ್ತಕವೂ ಕಲಿಸಲಾರದು.

ಹೇಳಿದ್ದನ್ನು ನೆನಪಲ್ಲಿಟ್ಟುಕೊಂಡು, ಕೈಕಾಲಿನ ಆತುರವನ್ನು ಹಿಡಿದು, ನಿಯಮ ಬದಲಾದಾಗ ತಾನೂ ಬದಲಾಗುವ ಈ ಸಾಮರ್ಥ್ಯಕ್ಕೆ ಮನೋವಿಜ್ಞಾನಿಗಳು ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುತ್ತಾರೆ. ಹಣೆಯ ಹಿಂದಿರುವ ಮಿದುಳಿನ ಭಾಗ ಇದರ ಮುಖ್ಯ ನೆಲೆ. ಅದು ಪೂರ್ತಿ ಮಾಗಲು ಇಪ್ಪತ್ತು ದಾಟಬೇಕು. ಆದರೆ ಮೂರರಿಂದ ಐದರೊಳಗಿನ ಬೆಳವಣಿಗೆ ಬಲು ಚುರುಕು. ಚಿತ್ರದ ಕಾರ್ಡುಗಳನ್ನು ಮೊದಲು ಬಣ್ಣ ನೋಡಿ ವಿಂಗಡಿಸಲು ಹೇಳಿ, ಆಮೇಲೆ ಆಕಾರ ನೋಡಿ ವಿಂಗಡಿಸು ಎಂದರೆ ಮೂರು ವರ್ಷದ ಹೆಚ್ಚಿನ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿ ಒಪ್ಪಿಸುತ್ತಾರೆ, ಕೈ ಮಾತ್ರ ಹಳೆಯದನ್ನೇ ಮಾಡುತ್ತದೆ. ಹಾಗಾಗಿ ‘ಎಷ್ಟು ಸಲ ಹೇಳೋದು ನಿಂಗೆ?’ ಎಂದು ಗದರಬೇಡಿ. ಅದು ಹಟವಲ್ಲ.

ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸುಮಾರು 1,000 ಮಕ್ಕಳ ಬದುಕನ್ನು ಸಂಶೋಧಕರು ದಶಕಗಳ ಕಾಲ ಗಮನಿಸಿದ್ದಾರೆ. ಬಾಲ್ಯದಲ್ಲಿ ಸಂಯಮ ಹೆಚ್ಚಿದ್ದವರ ಆರೋಗ್ಯ, ಹಣಕಾಸು ಎರಡೂ 32ನೇ ವಯಸ್ಸಿನಲ್ಲಿ ಉತ್ತಮವಾಗಿದ್ದವು. ಬುದ್ಧಿಮಟ್ಟ, ಮನೆಯ ಅನುಕೂಲ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ. ಇದನ್ನು ಓದಿ ಮಗುವಿಗೆ ಸಂಯಮದ ಟ್ಯೂಷನ್ ಹುಡುಕಬೇಡಿ, ದಯವಿಟ್ಟು. ನಿದ್ದೆಗೆಟ್ಟ, ಹಸಿದ, ಮನೆಯ ಜಗಳಕ್ಕೆ ಬೆದರಿದ ಮಗು ಯಾವ ಆಟದಲ್ಲೂ ತನ್ನನ್ನು ತಾನು ಹಿಡಿದುಕೊಳ್ಳಲಾರದು. ಮೊದಲು ಅದು ನೆಮ್ಮದಿಯಾಗಿರಲಿ.

ಹಿಂದೆ ಬೀದಿಯ ದೊಡ್ಡ ಮಕ್ಕಳು ಚಿಕ್ಕವರನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿದ್ದರು. ಔಟಾಗುವ ಭಯವಿಲ್ಲದೆ ಚಿಕ್ಕವರು ಸರದಿ ಕಾಯುವುದನ್ನು ಅಲ್ಲೇ ಕಲಿಯುತ್ತಿದ್ದರು. ಈಗ ಎಲ್‌ಕೆಜಿಯ ಮಗು ಸಂಜೆ ಮನೆಗೆ ಬಂದು ನಾಲ್ಕು ಪುಟ ಕಾಪಿ ಬರೆಯುತ್ತದೆ, ಬರೆದದ್ದಕ್ಕೆ ಬಹುಮಾನವಾಗಿ ಮೊಬೈಲು. ಮೂರು–ನಾಲ್ಕು ವರ್ಷದವರು ದಿನಕ್ಕೆ ಮೂರು ಗಂಟೆಯಾದರೂ ಓಡಾಡಿಕೊಂಡಿರಬೇಕು, ಪರದೆಯ ಮುಂದೆ ಒಂದು ಗಂಟೆಗಿಂತ ಹೆಚ್ಚು ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಶಾಲೆಯವರೇ, ಯುಕೆಜಿ ಮುಗಿಯುವವರೆಗೆ ಹೋಮ್‌ವರ್ಕ್ ಕೊಡಬೇಡಿ. ಪೋಷಕರೇ, ಹೋಮ್‌ವರ್ಕ್ ಕೊಡಿ ಎಂದು ಅವರ ಬೆನ್ನು ಬೀಳಬೇಡಿ. ಎಷ್ಟೋ ಶಿಕ್ಷಕಿಯರು ಒಲ್ಲದ ಮನಸ್ಸಿನಿಂದ ಬರೆಸುತ್ತಿರುವುದು ನಿಮ್ಮ ಒತ್ತಾಯಕ್ಕೆ. ಅಪಾರ್ಟ್‌ಮೆಂಟ್ ಸಂಘದವರು ‘ಇಲ್ಲಿ ಆಡಬಾರದು’ ಎಂಬ ಬೋರ್ಡನ್ನು ಕಳಚಲಿ. ಪಂಚಾಯಿತಿ ಸದಸ್ಯರು ತಮ್ಮೂರಿನ ಅಂಗನವಾಡಿಗೆ ಒಮ್ಮೆ ಹೋಗಿ ನೋಡಲಿ: ಹತ್ತು ಮಕ್ಕಳು ಸಾಲಾಗಿ ನಿಂತು ಹಾರುವಷ್ಟು ಅಂಗಳ, ಸ್ವಲ್ಪ ನೆರಳು, ಗೇಟು ಇವೆಯೇ? ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಕೇಳಿ ಬರೆಸಿ.