ಮಕ್ಕಳಾಟವೆಂಬ ನೆಪ

ಏಳನೆಯ ತರಗತಿಯ ಹುಡುಗನೊಬ್ಬನ ಬುತ್ತಿಯನ್ನು ದಿನವೂ ಕಸಿದು ಚೆಲ್ಲುತ್ತಾರೆ, ಅವನ ತೊದಲನ್ನು ಅಣಕಿಸುತ್ತಾರೆ, ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ದೂರು ಶಿಕ್ಷಕರನ್ನು ತಲುಪಿದರೆ ದೊರೆಯುವ ಉತ್ತರ, "ಮಕ್ಕಳಾಟ, ಅವರವರೇ ಸರಿಹೋಗುತ್ತಾರೆ." ಮನೆಯಲ್ಲಿ ದೊರೆಯುವ ಉಪದೇಶ, "ನೀನೂ ಎರಡು ಬಾರಿಸು." ಪೀಡಕನಿಗೆ ಹಿರಿಯರ ಈ ಎರಡು ಮಾತುಗಳಿಗಿಂತ ದೊಡ್ಡ ರಕ್ಷೆ ಬೇರೆ ಬೇಕಿಲ್ಲ.

1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ 10ರಿಂದ 14 ವಯಸ್ಸಿನ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ತೀವ್ರ ಪೀಡನೆಯೇ ಕಾರಣವಿರಬೇಕೆಂದು ಇಡೀ ದೇಶ ತಲ್ಲಣಿಸಿತು. ಮರುವರ್ಷ ಸರ್ಕಾರವೇ ರಾಷ್ಟ್ರವ್ಯಾಪಿ ಅಭಿಯಾನವನ್ನು ಕೈಗೊಂಡಿತು. ಈ ವಿಷಯವನ್ನು 1970ರ ದಶಕದಿಂದಲೇ ಅಭ್ಯಸಿಸುತ್ತಿದ್ದ ಮನೋವಿಜ್ಞಾನಿ ಡಾನ್ ಓಲ್ವೇಯುಸ್ (1931–2020) ಆಗ ತೋರಿಸಿಕೊಟ್ಟ ಸಂಗತಿಗಳು ಇಂದಿಗೂ ನಮ್ಮ ಶಾಲೆಗಳ ನೆಪಗಳನ್ನು ಒಂದೊಂದಾಗಿ ಕಳಚುತ್ತವೆ.

ಸಮಬಲರ ಜಗಳ ಬೇರೆ, ಪೀಡನೆ ಬೇರೆ. ಒಬ್ಬನು ಬಲಿಷ್ಠ, ಇನ್ನೊಬ್ಬನು ಎದುರಿಸಲಾರದವ. ನೋಯಿಸುವುದು ಮತ್ತೆ ಮತ್ತೆ ನಡೆಯುತ್ತದೆ. ಇಂಥ ಇಬ್ಬರನ್ನು ಎದುರುಬದುರು ನಿಲ್ಲಿಸಿ ಕೈಕುಲುಕಿಸುವ ರಾಜಿ ನ್ಯಾಯವಲ್ಲ. ಪೀಡಿತನನ್ನು ಪೀಡಕನ ಕೈಗೆ ಪುನಃ ಒಪ್ಪಿಸಿದಂತೆ. ಪೀಡಕನು ಒಳಗೊಳಗೇ ಅಂಜುಬುರುಕ, ಪಾಪ, ಎಂಬ ಅನುಕಂಪಕ್ಕೂ ಓಲ್ವೇಯುಸ್ ಆಧಾರ ಕಾಣಲಿಲ್ಲ. ಹಾಗೆಂದು ಪೀಡಕನನ್ನು ಕೈಬಿಡಬೇಕೆಂದಲ್ಲ. ಅವನನ್ನು ತಡೆಯದಿರುವುದೇ ಕೈಬಿಡುವುದು. 6ರಿಂದ 9ನೆಯ ತರಗತಿಗಳಲ್ಲಿ ಪೀಡಕರೆಂದು ಗುರುತಿಸಲಾದ ಹುಡುಗರಲ್ಲಿ ಸುಮಾರು ಶೇಕಡಾ 60 ಮಂದಿ 24 ವಯಸ್ಸಿನೊಳಗೆ ಒಮ್ಮೆಯಾದರೂ ನ್ಯಾಯಾಲಯದಲ್ಲಿ ಅಪರಾಧಿಗಳೆನಿಸಿದ್ದರು. "ತಾನಾಗಿಯೇ ಸರಿಹೋಗುವ" ಮಕ್ಕಳಾಟದ ಪರಿಣಾಮವಿದು!

ಬರ್ಗೆನ್ ನಗರದ 42 ಶಾಲೆಗಳಲ್ಲಿ, ಸುಮಾರು 2,500 ವಿದ್ಯಾರ್ಥಿಗಳ ನಡುವೆ ನಡೆದ ಪ್ರಯೋಗದಲ್ಲಿ ಎರಡು ವರ್ಷಗಳೊಳಗೆ ಪೀಡನೆ ಅರ್ಧದಷ್ಟು ತಗ್ಗಿತು. ಇದಕ್ಕೆ ಬೆತ್ತವನ್ನು ಬಳಸಲಿಲ್ಲ, ನೀತಿಬೋಧೆಯ ಭಾಷಣವನ್ನು ನೆಚ್ಚಲಿಲ್ಲ. ಮಕ್ಕಳಿಂದ ಹೆಸರಿಲ್ಲದ ಪ್ರಶ್ನಾವಳಿಯಲ್ಲಿ ನಿಜಸ್ಥಿತಿಯನ್ನು ತಿಳಿದುಕೊಂಡರು. ಪೀಡಕ, ಪೀಡಿತ ಇಬ್ಬರ ಪಾಲಕರೊಡನೆಯೂ ಗಂಭೀರವಾಗಿ ಮಾತನಾಡಿದರು. ಒಂಟಿಯಾದವನನ್ನು ಸೇರಿಸಿಕೊಳ್ಳುವುದು ತರಗತಿಯ ನಿಯಮವಾಯಿತು. ಎಲ್ಲಕ್ಕಿಂತ ಸರಳವಾದುದೆಂದರೆ, ವಿರಾಮದ ವೇಳೆ ಶಿಕ್ಷಕರು ಅಂಗಳದಲ್ಲಿದ್ದರು. ಅಂಗಳದಲ್ಲಿ ಹಿರಿಯರು ಹೆಚ್ಚಿದಷ್ಟೂ ಪೀಡನೆ ಕಡಿಮೆ ಎಂಬುದು ಆ ಅಧ್ಯಯನಗಳಲ್ಲಿಯೇ ಕಂಡುಬಂದಿತ್ತು.

ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 2015ರಲ್ಲಿ ಸಿ.ಬಿ.ಎಸ್.ಇ. ಮಂಡಳಿ ಶಾಲೆಗಳಲ್ಲಿ ಪೀಡನಾ ವಿರೋಧಿ ಸಮಿತಿಗಳನ್ನು ರಚಿಸಲು ಸೂಚಿಸಿತು. ಆದರೆ ಸಮಿತಿ ಕಡತದಲ್ಲಿ ಕುಳಿತಿದ್ದರೆ ಬುತ್ತಿ ಚೆಲ್ಲುವುದು ನಿಲ್ಲುವುದಿಲ್ಲ. ಸುತ್ತ ನಿಂತು ನಗುವ ಹತ್ತು ಮಕ್ಕಳದು ಅನುಮೋದನೆಯಾದರೆ, ಕಿಟಕಿಯಿಂದ ಕಂಡೂ ಕಾಣದಂತಿರುವ ಶಿಕ್ಷಕನದು ಏನು? ಶುಲ್ಕ, ಫಲಿತಾಂಶ, ಕಟ್ಟಡಗಳ ಲೆಕ್ಕವನ್ನು ವಾರ್ಷಿಕ ವರದಿಯಲ್ಲಿ ಒಪ್ಪಿಸುವ ಆಡಳಿತ ಮಂಡಳಿಗಳು, ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ಶಾಲೆಯ ಅಂಗಳ ಯಾರ ವಶದಲ್ಲಿರುತ್ತದೆ ಎಂಬುದನ್ನೂ ಪಾಲಕರಿಗೆ ತಿಳಿಸಲಿ.