ಗುತ್ತಿಗೆ ಇಪ್ಪತ್ತೆಂಟು ವರ್ಷದ್ದು, ಪ್ರಶ್ನೆ ಇಂದೇ ಕೇಳೋಣ

ವಿದೇಶಿ ಕಂಪನಿ ಬರುತ್ತದೆ ಎಂದ ಕೂಡಲೇ ನಮ್ಮಲ್ಲಿ ಎರಡು ಗುಂಪಾಗುತ್ತದೆ. ಒಂದು ಗುಂಪಿಗೆ ಅದು ಕೆಲಸ, ಕರೆಂಟು, ಅಭಿವೃದ್ಧಿ. ಇನ್ನೊಂದಕ್ಕೆ ಅದು ಮತ್ತೊಂದು ಈಸ್ಟ್ ಇಂಡಿಯಾ ಕಂಪನಿ. ಈ ಜಗಳದಲ್ಲಿ ಮುಖ್ಯ ಪ್ರಶ್ನೆಯೇ ಮರೆತುಹೋಗುತ್ತದೆ: ಒಪ್ಪಂದದಲ್ಲಿ ಏನು ಬರೆದಿದೆ? ಸಹಿ ಬೀಳುವ ಮೊದಲು ಅದನ್ನು ಯಾರು ಓದಿದ್ದಾರೆ?

ಇದು ನಂದಿಗುಡಿ, ಹರಿಹರ, ದಾವಣಗೆರೆಯ ನಮಗೆ ದೂರದ ವಿಷಯವಲ್ಲ. ಚಿತ್ರದುರ್ಗದ ಕಡೆ ಹೊರಟರೆ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲೇ ಕಾಣುತ್ತದೆ. ಕೆಲವು ವರ್ಷಗಳ ಹಿಂದಿನವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯಲ್ಲಿ ಸುಮಾರು 40 ಮೆಗಾವಾಟ್‌ನ ಪವನ ವಿದ್ಯುತ್ ಘಟಕ ಹಾಂಗ್‌ಕಾಂಗ್‌ನ ಸಿಎಲ್‌ಪಿ ಕಂಪನಿಯ ಹೆಸರಿನಲ್ಲಿತ್ತು. ಆ ಕಂಪನಿಯ ಭಾರತದ ವ್ಯವಹಾರದಲ್ಲಿ ಈಗ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಪಿಂಚಣಿ ನಿಧಿಗೂ ಪಾಲಿದೆ. ಅಂದರೆ ನಮ್ಮ ಬಯಲುಸೀಮೆಯ ಗಾಳಿ ಅಲ್ಲಿನ ನಿವೃತ್ತರಿಗೂ ದುಡಿಯುತ್ತಿದೆ. ಇದರಲ್ಲಿ ತಪ್ಪಿಲ್ಲ. ಗಾಳಿ, ಬಿಸಿಲು ಪುಕ್ಕಟೆಯಾದರೂ ಯಂತ್ರಕ್ಕೆ ಮೊದಲೇ ದೊಡ್ಡ ಬಂಡವಾಳ ಬೇಕು. ಅದು ಹೊರಗಿನಿಂದ ಬಂದರೆ ಬರಲಿ. ಆದರೆ ಯಾವ ಷರತ್ತಿನ ಮೇಲೆ?

ಈ ಪ್ರಶ್ನೆಗೆ ರಾಜ್ಯದಲ್ಲಿ ಹಳೆಯ ಪಾಠವಿದೆ. 1990ರ ದಶಕದಲ್ಲಿ ಉಡುಪಿ ಬಳಿಯ ನಂದಿಕೂರಿನಲ್ಲಿ 1,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಲು ಅಮೆರಿಕದ ಕೊಜೆಂಟ್ರಿಕ್ಸ್ ಮುಂದೆ ಬಂತು. ಇದೇ ಸಿಎಲ್‌ಪಿ ಅದರ ಪಾಲುದಾರ. ಕೇಂದ್ರ ಸರ್ಕಾರದ ಪ್ರತಿ ಖಾತರಿಯ ಪಟ್ಟಿಯಲ್ಲಿದ್ದ ಎಂಟು ಯೋಜನೆಗಳಲ್ಲಿ ಅದೂ ಒಂದು. ಕರಾವಳಿಯ ಜನರ ವಿರೋಧ, ಕೋರ್ಟು, ವಿಳಂಬಗಳ ನಡುವೆ 1999ರ ಡಿಸೆಂಬರ್‌ನಲ್ಲಿ ಕಂಪನಿ ಹಿಂದೆ ಸರಿಯಿತು. ಅದೇ ಪಟ್ಟಿಯಲ್ಲಿದ್ದ ಮಹಾರಾಷ್ಟ್ರದ ದಾಭೋಳದ ಎನ್ರಾನ್ ಯೋಜನೆ ಶುರುವಾಯಿತು. ಅದರ ದುಬಾರಿ ವಿದ್ಯುತ್ ಕೊಳ್ಳಲಾಗದೆ ರಾಜ್ಯ ವಿದ್ಯುತ್ ಮಂಡಳಿ 2001ರಲ್ಲಿ ಕೈಚೆಲ್ಲಿತು. ಅದೇ ವರ್ಷದ ಕೊನೆಗೆ ಎನ್ರಾನ್ ದಿವಾಳಿಯಾಯಿತು. ಕೊನೆಗೆ ಸ್ಥಾವರವನ್ನು ಎತ್ತಿ ನಿಲ್ಲಿಸಲು ಸರ್ಕಾರಿ ಸ್ವಾಮ್ಯದ ಎನ್‌ಟಿಪಿಸಿ, ಗೇಲ್ ಕಂಪನಿಗಳೇ ಬರಬೇಕಾಯಿತು. ಲಾಭ ಕಂಪನಿಗೆ, ನಷ್ಟದ ಖಾತರಿ ಸರ್ಕಾರಕ್ಕೆ ಎಂದು ಬರೆದುಕೊಂಡ ಒಪ್ಪಂದದ ಗತಿ ಅದು.

ಹಾಗಾದರೆ ಸ್ವದೇಶಿ ಕಂಪನಿಯಾದರೆ ಎಲ್ಲವೂ ಸರಿಯೇ? ಕೊಜೆಂಟ್ರಿಕ್ಸ್ ಹೋದ ಮೇಲೆ ಅದೇ ಪರಿಸರದ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಸ್ಥಾವರ ಎದ್ದಿತು. ಕಟ್ಟಿದ್ದು ಲ್ಯಾಂಕೊ, 2015ರಲ್ಲಿ ಕೊಂಡದ್ದು ಅದಾನಿ. ಎರಡೂ ಭಾರತದವೇ. ಆದರೂ ಪರಿಸರ ಹಾನಿಗಾಗಿ 50 ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕಟ್ಟುವಂತೆ 2022ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಬೇಕಾಯಿತು. ಕಂಪನಿಯ ಪಾಸ್‌ಪೋರ್ಟ್ ನೋಡಿದರೆ ಸಾಲದು, ಷರತ್ತು ನೋಡಬೇಕು.

ಒಳ್ಳೆಯ ಷರತ್ತು ಸಾಧ್ಯ ಎನ್ನುವುದಕ್ಕೆ ಪಾವಗಡ ಸಾಕ್ಷಿ. ಸುಮಾರು 13,000 ಎಕರೆಯ ಆ 2,050 ಮೆಗಾವಾಟ್ ಸೋಲಾರ್ ಪಾರ್ಕಿನಲ್ಲಿ ಫಿನ್ಲೆಂಡ್‌ನ ಫೋರ್ಟಮ್ ಕೂಡ ಬಂಡವಾಳ ಹಾಕಿತು. ಅಲ್ಲಿ ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯಿತು. ಆದರೆ ಪಹಣಿ ಇಲ್ಲದವರು? ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಹಣವಿಲ್ಲ. ಊರಿನ ಹುಡುಗರಿಗೆ ಸಿಕ್ಕಿದ್ದು ಹೆಚ್ಚಾಗಿ ಕಾವಲು, ಹುಲ್ಲು ಕೀಳುವುದು, ಫಲಕ ತೊಳೆಯುವುದು.

ಇನ್ನೊಂದು ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ದೊಡ್ಡ ಕಲ್ಲಿದ್ದಲು ಸ್ಥಾವರಕ್ಕೆ ಪರಿಸರ ಅನುಮತಿ ಬೇಕು, ಅದಕ್ಕೆ ಮೊದಲು ಜನರ ಅಹವಾಲು ಸಭೆ ನಡೆಯಬೇಕು. ಸೋಲಾರ್ ಮತ್ತು ಗಾಳಿಯಂತ್ರಗಳಿಗೆ ಆ ಕಡ್ಡಾಯವಿಲ್ಲ. ಹೊಗೆ ಬರುವುದಿಲ್ಲ ನಿಜ. ಆದರೆ ಹೊಲ, ಗೋಮಾಳ, ದಾರಿ, ಕೂಲಿ ಎಲ್ಲವೂ ಬದಲಾಗುತ್ತದೆ. ಊರು ಮಾತಾಡಲು ವೇದಿಕೆಯೇ ಇಲ್ಲದಿದ್ದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ.

ಆದ್ದರಿಂದ ಸರ್ಕಾರ ನಾಲ್ಕು ನಿಯಮ ಮಾಡಲಿ. ಒಂದು, ಒಪ್ಪಂದದ ಕನ್ನಡ ಪ್ರತಿಯನ್ನು ಸಹಿಗೆ ಮೊದಲು ಗ್ರಾಮಸಭೆಯಲ್ಲಿ ಓದಬೇಕು. ಎರಡು, ಭೂಮಿ ಇಲ್ಲದ ಕೂಲಿಕಾರರಿಗೂ ಪಾಲು ಇರಬೇಕು. ಮೂರು, ಸ್ಥಳೀಯ ಐಟಿಐ, ಡಿಪ್ಲೊಮಾ ಓದಿದವರಿಗೆ ತರಬೇತಿ ಕೊಟ್ಟು ತಂತ್ರಜ್ಞರ ಕೆಲಸದಲ್ಲಿ ಇಂತಿಷ್ಟು ಹುದ್ದೆ ಮೀಸಲಿಡಬೇಕು. ನಾಲ್ಕು, ಅವಧಿ ಮುಗಿದಾಗ ಯಂತ್ರ, ಫಲಕ, ನೆಲದೊಳಗಿನ ಕಾಂಕ್ರೀಟ್ ತೆಗೆಯುವ ಖರ್ಚನ್ನು ಕಂಪನಿ ಮೊದಲೇ ಠೇವಣಿ ಇಡಬೇಕು. ಕಂಪನಿ ಕೈ ಬದಲಾದರೂ ಈ ಷರತ್ತುಗಳು ಬದಲಾಗಬಾರದು.

ಇಷ್ಟೆಲ್ಲ ಕೇಳಿದರೆ ಹೂಡಿಕೆದಾರರು ಓಡಿಹೋಗುತ್ತಾರೆ ಎನ್ನುವವರಿದ್ದಾರೆ. ಅವರು ಪಕ್ಕದ ಆಂಧ್ರವನ್ನು ನೋಡಲಿ. 2019ರಲ್ಲಿ ಅಲ್ಲಿನ ಹೊಸ ಸರ್ಕಾರ ಹಳೆಯ ಗಾಳಿ, ಸೋಲಾರ್ ಒಪ್ಪಂದಗಳ ದರ ಇಳಿಸಲು ಹೊರಟಿತು. ಜಪಾನಿನ ರಾಯಭಾರಿಯೇ ಆತಂಕ ವ್ಯಕ್ತಪಡಿಸಿದರು. 2022ರಲ್ಲಿ ಹೈಕೋರ್ಟ್ ಕಂಪನಿಗಳ ಪರ ತೀರ್ಪು ಕೊಟ್ಟಿತು. ಹೂಡಿಕೆದಾರರನ್ನು ಹೆದರಿಸುವುದು ಮೊದಲೇ ಹೇಳಿದ ಷರತ್ತಲ್ಲ, ಆಮೇಲೆ ಮುರಿದ ಮಾತು. ಎಲ್ಲರೆದುರು ಓದಿ ಒಪ್ಪಿದ ಒಪ್ಪಂದವನ್ನು ಮುಂದಿನ ಸರ್ಕಾರ ಸುಲಭವಾಗಿ ಮುರಿಯಲಾರದು.

ಗೆಳೆಯರೇ, ಗುತ್ತಿಗೆ ಪತ್ರಕ್ಕೆ ಸಹಿ ಹಾಕುವವರು ನಮ್ಮ ಅಪ್ಪಂದಿರು. ಇಂದು 21 ವರ್ಷದವರಾದ ನಮಗೆ ಅದು ಮುಗಿಯುವ ಹೊತ್ತಿಗೆ 49 ಆಗಿರುತ್ತದೆ. ಆ ನೆಲ ಉಳುಮೆಗೆ ಬರುತ್ತದೋ ಇಲ್ಲವೋ ಎಂದು ನಿಂತು ನೋಡುವವರು ನಾವೇ. ಮುಂದಿನ ಗ್ರಾಮಸಭೆಗೆ ಹೋಗೋಣ. ನಮ್ಮೂರಿಗೂ ಇಂಥ ಪತ್ರ ಬಂದರೆ ಅದನ್ನು ಗಟ್ಟಿಯಾಗಿ ಓದಿ ಎಂದು ಕೇಳೋಣ.