ರಿಮೋಟು ಯಾರ ಕೈಯಲ್ಲಿ?

ನಮ್ಮ ಗೋವಿನಕೋವಿಯಂಥ ಊರಿನಲ್ಲೂ ಟೀವಿ ಈಗ ಒಂಟಿಯಾಗಿ ಉಳಿದಿಲ್ಲ. ಪಕ್ಕದಲ್ಲಿ ಸೆಟ್‌ ಟಾಪ್ ಬಾಕ್ಸು, ಕೆಳಗೆ ಸೌಂಡ್ ಬಾರ್, ಓದುವ ಮಕ್ಕಳಿದ್ದರೆ ಅವರ ಕಂಪ್ಯೂಟರಿನಿಂದ ಒಂದು ವೈರು. ಇಷ್ಟನ್ನೂ ಮಗರಾಯ ಕೂತಲ್ಲಿಂದಲೇ ಮೊಬೈಲಿನಲ್ಲಿ ನಡೆಸುತ್ತಾನೆ. ನೋಡೋಕೆ ಸಂತೋಷವೇ. ಆದರೆ ಅವನು ಮೊಬೈಲು ಜೇಬಿಗಿಟ್ಟುಕೊಂಡು ಹೊನ್ನಾಳಿ ಬಸ್ಸು ಹತ್ತಿದ ಮೇಲೆ ಅತ್ತೆಯವರು ಧಾರಾವಾಹಿ ನೋಡುವುದು ಹೇಗೆ? ಒಂದು ಗುಂಡಿ ಒತ್ತೋಕೂ ಇನ್ನೊಬ್ಬರ ದಾರಿ ಕಾಯುವುದು ವಯಸ್ಸಾದವರಿಗೆ ಸಣ್ಣ ಸಂಕಟವಲ್ಲ.

ಇದು ಒಳಗೊಳಗೆ ಹೇಗೆ ನಡೆಯುತ್ತದೆಂದು ತಿಳಿದರೆ ಅರ್ಧ ಹೆದರಿಕೆ ಹೋಗುತ್ತದೆ. 1956ರಲ್ಲಿ ಅಮೆರಿಕದ ಜೆನಿತ್ ಕಂಪನಿ ತಂದ ರಿಮೋಟಿಗೆ ಬ್ಯಾಟರಿಯೇ ಇರಲಿಲ್ಲವಂತೆ! ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಕಡ್ಡಿಗೆ ಬಡಿಯುತ್ತಿತ್ತು. ನಮ್ಮ ಕಿವಿಗೆ ಕೇಳದ ಆ ಸದ್ದನ್ನು ಟೀವಿ ಕೇಳಿಸಿಕೊಳ್ಳುತ್ತಿತ್ತು. ಈಗಿನ ಸಾಧಾರಣ ರಿಮೋಟು ಕಣ್ಣಿಗೆ ಕಾಣದ ಬೆಳಕು ಬೀರುತ್ತದೆ. ಅದು ಗೋಡೆ ದಾಟದು, ಎದುರಿಗೆ ಹಿಡಿಯಬೇಕು. ಮೊಬೈಲು ಹಾಗೂ ಕಂಪ್ಯೂಟರು ಹೆಚ್ಚಾಗಿ ವೈಫೈ ಮೂಲಕ ಮಾತಾಡುತ್ತವೆ. ಎರಡೂ ಒಂದೇ ವೈಫೈನಲ್ಲಿರಬೇಕು. ಮಗನ ಮೊಬೈಲಿನ ಹಾಟ್‌ಸ್ಪಾಟೇ ಮನೆಯ ವೈಫೈ ಆಗಿದ್ದರೆ, ಅವನ ಹಿಂದೆ ಅದೂ ಹೋಯಿತು!

ಇನ್ನು ಮಾಡಬೇಕಾದ್ದು:

ಹಳೆಯ ರಿಮೋಟನ್ನು ಅಟ್ಟಕ್ಕೆ ಹಾಕಬೇಡಿ. ಆನ್ ಗುಂಡಿಯ ಮೇಲೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿ, ಅತ್ತೆಯವರ ಬೆರಳಿಗೇ ತಿಳಿಯುತ್ತದೆ.

ರಿಮೋಟು ಕೆಟ್ಟಿತೆಂದು ಅಂಗಡಿಗೆ ಓಡುವ ಮೊದಲು ಅದರ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಪರದೆಯಲ್ಲಿ ನೇರಳೆ ಬೆಳಕು ಮಿಣುಕಿದರೆ ರಿಮೋಟು ಬೆಳಕು ಬಿಡುತ್ತಿದೆ ಎಂದರ್ಥ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿ. ಎರಡರಲ್ಲೂ ಕಾಣದಿದ್ದರೆ ಮೊದಲು ಬ್ಯಾಟರಿ ಬದಲಿಸಿ.

ಟೀವಿಯ ಸೆಟ್ಟಿಂಗ್ಸ್‌ನಲ್ಲಿ ಸಿಇಸಿ ಎಂಬುದನ್ನು ಆನ್ ಮಾಡಿಸಿ. ಕಂಪನಿಗೊಂದು ಹೆಸರು: ಸ್ಯಾಮ್ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್ಲಿಂಕ್. ಎಚ್‌ಡಿಎಂಐ ವೈರಿನಲ್ಲಿ ಜೋಡಿಸಿದ ಸೌಂಡ್ ಬಾರಿಗೂ ಈ ಸೌಲಭ್ಯವಿದ್ದರೆ ಟೀವಿ ರಿಮೋಟೊಂದೇ ಸಾಕು. ಸಾಮಾನ್ಯ ಕಂಪ್ಯೂಟರುಗಳಲ್ಲಿ ಮಾತ್ರ ಇದು ಅಪರೂಪ.

ಕಂಪ್ಯೂಟರಿನಿಂದ ಸಿನಿಮಾ ಹಾಕಿದಾಗ ಅದರ ಸದ್ದನ್ನು ಪೂರ್ತಿ ಏರಿಸಿಟ್ಟು, ಹೆಚ್ಚು ಕಡಿಮೆಯನ್ನು ಟೀವಿ ರಿಮೋಟಿನಲ್ಲೇ ಮಾಡಿ. ಒಲೆ ಮೇಲೆ ಹಾಲು ಉಕ್ಕಿದರೆ? ಕೀಲಿಮಣೆಯ ಉದ್ದ ಗುಂಡಿ ಒತ್ತಿ, ಸಾಮಾನ್ಯವಾಗಿ ಸಿನಿಮಾ ನಿಲ್ಲುತ್ತದೆ. ಕೆಡಿಇ ಕನೆಕ್ಟ್ ಎಂಬ ಉಚಿತ ಆ್ಯಪನ್ನು ಕಂಪ್ಯೂಟರಿಗೂ ನಿಮ್ಮ ಮೊಬೈಲಿಗೂ ಹಾಕಿಸಿಕೊಂಡರೆ ಅಡುಗೆಮನೆಯಿಂದಲೇ ನಿಲ್ಲಿಸಬಹುದು.

ಮೊಬೈಲಿನಿಂದ ಆರಿಸಿದ ಟೀವಿ ಬರೀ ತೂಕಡಿಸುತ್ತಿರುತ್ತದೆ, ಕರೆಂಟು ಇದ್ದೇ ಇರುತ್ತದೆ. ಮುಂಗಾರಿನ ಮೋಡ ಕವಿಯುತ್ತಿದ್ದಂತೆ, ಗುಡುಗು ಕೇಳುವ ಮೊದಲೇ ಪ್ಲಗ್ಗನ್ನೂ ಡಿಶ್ಶಿನ ವೈರನ್ನೂ ಕಿತ್ತಿಡಿ. ಗುಡುಗು ಕೇಳತೊಡಗಿದ ಮೇಲೆ ಮಾತ್ರ ವೈರು ಮುಟ್ಟಲು ಹೋಗಬೇಡಿ. ಈ ಕೆಲಸವನ್ನು ಯಾವ ಮೊಬೈಲೂ ಮಾಡದು.

ಮಗ ಮನೆಯಲ್ಲಿರುವ ಭಾನುವಾರ ಒಂದು ಪರೀಕ್ಷೆ ಇಡಿ. ಅವನು ಬಾಯಿ ಬಿಡಬಾರದು, ಅತ್ತೆಯವರು ತಾವೇ ಟೀವಿ ಹಾಕಿ, ತಮಗೆ ಬೇಕಾದ ಚಾನೆಲ್ ಹಿಡಿದು, ಆರಿಸಬೇಕು. ಎಲ್ಲಿ ತಡವರಿಸಿದರೋ ಅಲ್ಲಿ ಅವನು ಕಲಿಸಲಿ. ಅಷ್ಟಾದರೆ ಮನೆಯ ಟೀವಿ ನಿಜಕ್ಕೂ ಮನೆಯವರೆಲ್ಲರದು. ಏನಂತೀರಿ?